ಗುರುತ್ವದ ಪ್ರೋಗ್ರಾಮಿಗೆ ಹೊಸ ಬಲ ಸೇರಿಸುವ ಮುನ್ನ

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದರು. ಇಂಥ ಸಭೆಗಳಲ್ಲಿ ಬಾಗ್ದಾದು, ಕಾರ್ಡೋಬಾಗಳ ಹಿಂದಿನ ವೈಭವವನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಅದರ ಬದಲು ನಮ್ಮ ಹುಡುಗ ಹುಡುಗಿಯರು ಈಗ ಕಂಪ್ಯೂಟರಿನ ಮುಂದೆ ಕುಳಿತು ಮಾಡುತ್ತಿರುವ ಒಂದು ಕೆಲಸವನ್ನೇ ಎತ್ತಿಕೊಳ್ಳೋಣ ಎನಿಸಿತು.

ಗ್ರಹಗಳನ್ನು ಸುತ್ತಿಸುವ ಪ್ರೋಗ್ರಾಮು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದರ ತಿರುಳು ನಾಲ್ಕೈದು ಸಾಲಿನದು. ಸೂರ್ಯ ಇಲ್ಲಿದ್ದಾನೆ, ಭೂಮಿ ಅಲ್ಲಿದೆ. ನಡುವಿನ ದೂರ ಕಂಡುಹಿಡಿ. ದೂರದ ವರ್ಗದಿಂದ ಭಾಗಿಸಿ ಸೆಳೆತ ಎಷ್ಟೆಂದು ಲೆಕ್ಕ ಹಾಕು. ಆ ಸೆಳೆತದಷ್ಟು ವೇಗವನ್ನು ಬದಲಿಸು. ಆ ವೇಗದಷ್ಟು ಜಾಗವನ್ನು ಬದಲಿಸು. ಮತ್ತೆ ಮೊದಲಿನಿಂದ ಮಾಡು. ಒಂದು ಗಂಟೆಯ ಹೆಜ್ಜೆಯಿಟ್ಟರೆ ವರ್ಷಕ್ಕೆ 8,760 ಹೆಜ್ಜೆ. ನ್ಯೂಟನ್ 1687ರಲ್ಲಿ ಅಚ್ಚು ಹಾಕಿಸಿದ ನಿಯಮವನ್ನು ಇಂದು ನಿಮ್ಮ ಕಿಸೆಯಲ್ಲಿರುವ ಮೊಬೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಅಷ್ಟು ಸಲ ಲೆಕ್ಕ ಹಾಕಿ ಮುಗಿಸುತ್ತದೆ. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ದುಬಾರಿ ಯಂತ್ರ ಬೇಕಿಲ್ಲ, ಯಾರಿಂದಲೂ ತಯಾರಾದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರಬೇಕಿಲ್ಲ. ಕೊಂಡು ತಂದ ಪ್ರಾಜೆಕ್ಟಿಗೆ ಬಣ್ಣದ ಹೊದಿಕೆ ಹಾಕಿ ಒಪ್ಪಿಸುವ ಪದ್ಧತಿ ನಮ್ಮಲ್ಲೂ ಬೆಳೆದಿದೆ. ಪಾಲಕರು ಇದ್ದೀರಿ ಎಂದೇ ಈ ಮಾತು ಹೇಳುತ್ತಿದ್ದೇನೆ.

ಭೂಮಿ ಮತ್ತು ಚಂದ್ರ ಎರಡನ್ನೇ ಇಟ್ಟುಕೊಂಡು ಒಬ್ಬ ವಿದ್ಯಾರ್ಥಿ ಪ್ರೋಗ್ರಾಮು ಬರೆದ. ಚಂದ್ರ ಚೆನ್ನಾಗಿಯೇ ಸುತ್ತಿದ. ಆದರೆ ಕೆಲವು ವಾರ ಕಳೆದ ಮೇಲೆ ಆ ಚಂದ್ರನಿಗೂ ಆಕಾಶದ ಚಂದ್ರನಿಗೂ ತಾಳ ತಪ್ಪಿತು. ಆಗ ಅವನು ನನ್ನನ್ನು ಕೇಳಿದ್ದು: “ಸರ್, ಒಂದ್ ನಂಬರ್ ಕೂಡ್ಸಿಬಿಟ್ರ ಸರಿ ಹೊಂದತೈತಲ್ರಿ?” ನಿಜ, ಹೊಂದುತ್ತದೆ. ಯಾವ ಲೆಕ್ಕವನ್ನಾದರೂ ಒಂದು ನಂಬರು ಕೂಡಿಸಿ ಹೊಂದಿಸಬಹುದು. ಆ ನಂಬರು ಯಾವುದರ ಹೆಸರು ಎಂಬುದೇ ಇಂದಿನ ನನ್ನ ವಿಷಯ.

ಪ್ರೋಗ್ರಾಮಿಗೂ ಆಕಾಶಕ್ಕೂ ಜಗಳ ಬಂದಾಗ ಮೊದಲು ಅನುಮಾನಿಸಬೇಕಾದದ್ದು ನಮ್ಮ ಲೆಕ್ಕವನ್ನೇ. ಮೇಲೆ ಹೇಳಿದ ಸಾಲುಗಳಲ್ಲಿ ಮೊದಲು ವೇಗ ಬದಲಿಸಿ ಆ ಹೊಸ ವೇಗದಿಂದ ಜಾಗ ಬದಲಿಸಿದರೆ ಭೂಮಿ ತನ್ನ ಕಕ್ಷೆಯಲ್ಲಿ ಉಳಿಯುತ್ತದೆ. ಅದರ ಬದಲು ಹಳೆಯ ವೇಗದಿಂದಲೇ ಜಾಗ ಬದಲಿಸಿದರೆ ಭೂಮಿ ಸುತ್ತು ಸುತ್ತಿಗೂ ಸೂರ್ಯನಿಂದ ದೂರ ಸರಿಯುತ್ತ ಹೋಗುತ್ತದೆ. ನೋಡುವವರಿಗೆ ಯಾವುದೋ ಕಾಣದ ಬಲ ಅದನ್ನು ಹೊರಗೆ ದಬ್ಬುತ್ತಿದೆ ಎನಿಸಬೇಕು. ಬಲ ಯಾವುದೂ ಇಲ್ಲ. ಎರಡು ಸಾಲು ಹಿಂದೆಮುಂದೆ ಆಗಿವೆ, ಅಷ್ಟೆ. ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಓಡಿಸಿ. ಆ ವಿಚಿತ್ರ ಚಲನೆಯೂ ಅದರೊಂದಿಗೆ ಕಡಿಮೆಯಾದರೆ ಅದು ನಿಸರ್ಗದ್ದಲ್ಲ, ನಿಮ್ಮದು.

ಎರಡನೆಯ ಅನುಮಾನ: ಯಾವುದಾದರೂ ಕಾಯವನ್ನೇ ಬಿಟ್ಟಿದ್ದೇವೆಯೇ? ಆ ವಿದ್ಯಾರ್ಥಿಯ ಚಂದ್ರನಿಗೆ ಆಗಿದ್ದು ಇದೇ. ಅವನು ಸೂರ್ಯನನ್ನು ಬಿಟ್ಟಿದ್ದ. ಕೇಳಿದರೆ ಆಶ್ಚರ್ಯವಾಗಬಹುದು, ಚಂದ್ರನನ್ನು ಭೂಮಿ ಎಳೆಯುವುದಕ್ಕಿಂತ ಸೂರ್ಯ ಎಳೆಯುವುದೇ ಎರಡು ಪಟ್ಟಿಗೂ ಹೆಚ್ಚು. ಭೂಮಿಯನ್ನೂ ಚಂದ್ರನನ್ನೂ ಸೂರ್ಯ ಹೆಚ್ಚುಕಡಿಮೆ ಒಂದೇ ರೀತಿ ಎಳೆಯುವುದರಿಂದ ಚಂದ್ರ ನಮ್ಮನ್ನು ಬಿಟ್ಟು ಹೋಗುವುದಿಲ್ಲ. ಆದರೆ ಆ ‘ಹೆಚ್ಚುಕಡಿಮೆ’ ಎಂಬುದರಲ್ಲಿ ಉಳಿಯುವ ಸಣ್ಣ ವ್ಯತ್ಯಾಸ ಚಂದ್ರನ ಕಕ್ಷೆಯ ಸಮತಲವನ್ನೇ 18.6 ವರ್ಷಕ್ಕೊಮ್ಮೆ ಪೂರ್ತಿ ತಿರುಗಿಸುತ್ತದೆ. ಸೂರ್ಯನನ್ನು ಸೇರಿಸಿದರೆ ಸಾಕು, ಯಾವ ನಂಬರನ್ನೂ ಕದ್ದು ಕೂಡಿಸಬೇಕಾಗಿಲ್ಲ.

ಚಂದ್ರನ ಮಾತು ಬಂದದ್ದರಿಂದ ಒಬ್ಬರನ್ನು ನೆನೆಯುತ್ತೇನೆ, ಚಪ್ಪಾಳೆಗಾಗಿ ಅಲ್ಲ. 14ನೇ ಶತಮಾನದಲ್ಲಿ ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ನಮಾಜಿನ ವೇಳೆ ಗೊತ್ತುಮಾಡುವ ಕೆಲಸದಲ್ಲಿದ್ದವರು ಇಬ್ನ್ ಅಲ್ ಶಾತಿರ್. ಟಾಲೆಮಿಯ ಹಳೆಯ ಲೆಕ್ಕ ಚಂದ್ರ ಯಾವ ದಿಕ್ಕಿನಲ್ಲಿ ಇರುತ್ತಾನೆ ಎಂಬುದನ್ನು ತಕ್ಕಮಟ್ಟಿಗೆ ಸರಿಯಾಗಿ ಹೇಳುತ್ತಿತ್ತು. ಆದರೆ ಅದೇ ಲೆಕ್ಕವನ್ನು ನಂಬಿದರೆ ಚಂದ್ರ ಕೆಲವೊಮ್ಮೆ ನಮಗೆ ಅರ್ಧದಷ್ಟು ಹತ್ತಿರ ಬರಬೇಕು, ಅಂದರೆ ಸುಮಾರು ಎರಡು ಪಟ್ಟು ದೊಡ್ಡದಾಗಿ ಕಾಣಬೇಕು. ಹಾಗೆ ಎಂದಾದರೂ ಕಂಡಿದೆಯೇ? ದಿಕ್ಕು ಹೊಂದಿದರೂ ಗಾತ್ರ ಹೊಂದಲಿಲ್ಲ. ಇಬ್ನ್ ಅಲ್ ಶಾತಿರ್ ಆ ಮಾದರಿಯನ್ನು ಬದಲಿಸಿ ದಿಕ್ಕನ್ನೂ ಗಾತ್ರವನ್ನೂ ಒಟ್ಟಿಗೆ ಹತ್ತಿರಕ್ಕೆ ತಂದರು. ನೀವು ಯಾವ ಅಳತೆಯನ್ನು ನೋಡಿಕೊಂಡು ಪ್ರೋಗ್ರಾಮನ್ನು ಹೊಂದಿಸಿದಿರೋ ಅದೇ ಅಳತೆಯಿಂದ ಅದನ್ನು ಪರೀಕ್ಷಿಸಿದರೆ ಅದು ಪರೀಕ್ಷೆ ಅಲ್ಲ. ಬೇರೊಂದು ಅಳತೆ ಬೇಕು.

ಲೆಕ್ಕ ಸರಿಯಿದೆ, ಕಾಯಗಳೆಲ್ಲ ಇವೆ, ಆದರೂ ತಾಳ ತಪ್ಪುತ್ತಿದೆ. ಈಗ ಹೊಸ ಬಲಗಳನ್ನು ಸೇರಿಸುವ ಸಮಯ. ಇಲ್ಲಿ ಇಳಕಲ್ಲಿನ ನೇಕಾರರಿಂದ ಕಲಿಯಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸೆರಗಿನದನ್ನು ಪ್ರತ್ಯೇಕವಾಗಿ ಸಿದ್ಧಮಾಡಿ ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗೆಯೇ ಪ್ರತಿಯೊಂದು ಬಲವೂ ನಿಮ್ಮ ಪ್ರೋಗ್ರಾಮಿನಲ್ಲಿ ಒಂದು ಬೇರೆ ಫಂಕ್ಷನ್ ಆಗಿರಲಿ. ಬೇಕಾದಾಗ ಜೋಡಿಸಬಹುದು, ಬೇಡವಾದಾಗ ಕಳಚಬಹುದು. ಹೊಸ ಬಲವನ್ನು ಸೊನ್ನೆ ಮಾಡಿದಾಗ ಹಳೆಯ ಉತ್ತರ ಕೊನೆಯ ಅಂಕಿಯವರೆಗೂ ಮರಳಿ ಬರಬೇಕು. ಬರದಿದ್ದರೆ ಜೋಡಿಸುವಾಗ ಒಡಲನ್ನೇ ಹರಿದಿದ್ದೀರಿ.

ಆದರೆ ಎಲ್ಲ ಬಲಗಳೂ ಒಂದೇ ತರಹದವಲ್ಲ. ಸೇರಿಸುವ ಮುನ್ನ ಆ ಬಲವನ್ನು ಕೇಳಬೇಕು: ನಿನಗೆ ಏನೇನು ಗೊತ್ತಿರಬೇಕು? ಗುರುತ್ವಕ್ಕೆ ಜಾಗ ಗೊತ್ತಿದ್ದರೆ ಸಾಕು.

ಭೂಮಿ ಪೂರ್ಣ ಗೋಲವಲ್ಲ ಎಂಬುದನ್ನು ತೆಗೆದುಕೊಳ್ಳಿ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿಲೋಮೀಟರು, ಧ್ರುವದಲ್ಲಿ 6,357. ಈ 21 ಕಿಲೋಮೀಟರಿನ ಉಬ್ಬು ಉಪಗ್ರಹವನ್ನು ಸ್ವಲ್ಪ ಪಕ್ಕಕ್ಕೆ ಎಳೆಯುತ್ತದೆ. ಇದಕ್ಕೂ ಜಾಗ ಮಾತ್ರ ಗೊತ್ತಿದ್ದರೆ ಸಾಕು, ಆದ್ದರಿಂದ ಸೇರಿಸುವುದು ಸುಲಭ. ಫಲ ಮಾತ್ರ ದೊಡ್ಡದು. 1988ರ ಮಾರ್ಚ್ 17ರಂದು ಹಾರಿಸಿದ ನಮ್ಮ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಪ್ರತಿ ಸಲವೂ ಬೆಳಗಿನ ಒಂದೇ ಹೊತ್ತಿನ ಬಿಸಿಲಿನಲ್ಲಿ ನೆಲದ ಚಿತ್ರ ತೆಗೆಯಬೇಕಿತ್ತು. ಅದಕ್ಕೆ ಕಕ್ಷೆಯ ಸಮತಲ ದಿನಕ್ಕೆ ಒಂದು ಡಿಗ್ರಿಗೆ ತುಸು ಕಡಿಮೆ ತಿರುಗಬೇಕು. ಇಂಧನ ಸುಟ್ಟು ತಿರುಗಿಸಲಿಲ್ಲ. ಭೂಮಿಯ ಉಬ್ಬೇ ಅಷ್ಟು ತಿರುಗಿಸುವಂತೆ ಕಕ್ಷೆಯ ಎತ್ತರವನ್ನೂ ಓರೆಯನ್ನೂ ಆರಿಸಿದರು. ಬರೀ ಗೋಲದ ಭೂಮಿಯಿರುವ ಪ್ರೋಗ್ರಾಮಿನಲ್ಲಿ ಇಂಥ ಕಕ್ಷೆ ಸಿಗುವುದೇ ಇಲ್ಲ.

ಗಾಳಿಯ ತಡೆ ಬೇರೆ ಜಾತಿಯದು. ಅದಕ್ಕೆ ವೇಗವೂ ಗೊತ್ತಿರಬೇಕು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಸುಮಾರು 600 ಕಿಲೋಮೀಟರ್ ಎತ್ತರಕ್ಕೆ ಏರಿತು. ಗುರುತ್ವವೊಂದನ್ನೇ ಬಲ್ಲ ಪ್ರೋಗ್ರಾಮಿನಲ್ಲಿ ಅದು ಇಂದಿಗೂ ಸುತ್ತುತ್ತಿರಬೇಕು. ನಿಜದಲ್ಲಿ 1992ರ ಫೆಬ್ರುವರಿಯಲ್ಲಿ ಕೆಳಗಿಳಿದು ವಾತಾವರಣವನ್ನು ಹೊಕ್ಕಿತು. ಆ ಎತ್ತರದಲ್ಲಿ ಗಾಳಿ ಇಲ್ಲವೆನ್ನುವಷ್ಟು ತೆಳು. ಆದರೆ ಹದಿನೇಳು ವರ್ಷ ಎಡೆಬಿಡದೆ ಉಜ್ಜಿತು. ಗಾಳಿಯ ತಡೆಯನ್ನು ಸೇರಿಸಿದವರಿಗೆ ಒಂದು ತಮಾಷೆ ಕಾದಿದೆ: ತಡೆ ಹೆಚ್ಚಿದಂತೆ ಉಪಗ್ರಹದ ವೇಗ ಹೆಚ್ಚುತ್ತದೆ! ತಪ್ಪು ಮಾಡಿದೆವೆಂದು ಎಷ್ಟೋ ಜನ ಚಿಹ್ನೆ ಬದಲಿಸಿಬಿಡುತ್ತಾರೆ. ಬದಲಿಸಬೇಡಿ, ಅದು ಸರಿಯೇ ಇದೆ. ಕೆಳಗಿಳಿದ ಉಪಗ್ರಹ ಚಿಕ್ಕ ಕಕ್ಷೆಯಲ್ಲಿ ಇನ್ನೂ ಜೋರಾಗಿ ಸುತ್ತಲೇಬೇಕು.

ಗಾಳಿಯ ದಟ್ಟಣೆ ಎಲ್ಲ ದಿನ ಒಂದೇ ಇರುವುದಿಲ್ಲ. ಸೂರ್ಯ ಕೆರಳಿದಾಗ ಮೇಲಿನ ವಾತಾವರಣ ಬಿಸಿಯಾಗಿ ಉಬ್ಬುತ್ತದೆ. 2022ರ ಫೆಬ್ರುವರಿಯಲ್ಲಿ ಒಂದೇ ರಾಕೆಟ್ಟಿನಲ್ಲಿ ಹೋದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಹೀಗೆಯೇ ಕೆಲವು ದಿನಗಳಲ್ಲಿ ನಷ್ಟವಾದವು. ಗಾಳಿಯ ದಟ್ಟಣೆಗೆ ಒಂದೇ ನಂಬರು ಬರೆದಿಟ್ಟ ಪ್ರೋಗ್ರಾಮಿಗೆ ಆ ವಾರ ಏನೂ ತಿಳಿಯುತ್ತಿರಲಿಲ್ಲ.

ಗಾಳಿ ಸೇರಿಸಿದ ಕೂಡಲೇ ಇನ್ನೊಂದು ಪೇಚು. ಗುರುತ್ವ ಮಾತ್ರ ಇದ್ದಾಗ ಚಲನಶಕ್ತಿ, ಪ್ರಚ್ಛನ್ನ ಶಕ್ತಿ ಕೂಡಿಸಿದರೆ ಮೊತ್ತ ಬದಲಾಗಬಾರದು. ಪ್ರೋಗ್ರಾಮು ಸರಿಯಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ತಪಾಸಣೆ ಇಲ್ಲ. ಗಾಳಿ ಬಂದ ಮೇಲೆ ಮೊತ್ತ ಇಳಿಯುತ್ತದೆ. ಹಾಗಾದರೆ ತಪಾಸಣೆ ಬಿಟ್ಟುಬಿಡುವುದೇ? ಬೇಡ. ಮಹಾಕೂಟದ ಪುಷ್ಕರಿಣಿಯನ್ನು ನೀವೆಲ್ಲ ನೋಡಿದ್ದೀರಿ. ಬುಗ್ಗೆಯಿಂದ ನೀರು ಬರುತ್ತಲೇ ಇರುತ್ತದೆ, ಹರಿದು ಹೊರಗೆ ಹೋಗುತ್ತಲೇ ಇರುತ್ತದೆ. ಹೊಂಡದ ಮಟ್ಟವೊಂದನ್ನೇ ನೋಡಿದರೆ ಏನೂ ತಿಳಿಯದು. ಬಂದದ್ದು, ಹೋದದ್ದು ಎರಡನ್ನೂ ಅಳೆದವನಿಗೆ ಲೆಕ್ಕ ಸಿಗುತ್ತದೆ. ಹಾಗೆಯೇ ಪ್ರತಿ ಹೆಜ್ಜೆಗೂ ಗಾಳಿ ಎಷ್ಟು ಶಕ್ತಿ ಕಸಿಯಿತು ಎಂದು ಬೇರೆ ಖಾತೆಯಲ್ಲಿ ಬರೆದುಕೊಳ್ಳಿ. ಉಳಿದ ಶಕ್ತಿ, ಕಸಿದ ಶಕ್ತಿ ಎರಡೂ ಸೇರಿ ಮೊದಲಿನ ಮೊತ್ತ ಬರಬೇಕು.

ಈಗ ಬೆಳಕು. ಇದರ ಕತೆ ಹಾಸನದ್ದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಿಸಿಲು ದಬ್ಬುತ್ತದೆ. ಭೂಮಿಯ ಬಳಿ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರ್ ಕಪ್ಪು ಹಲಗೆಯ ಮೇಲೆ ಆ ಒತ್ತುವಿಕೆ ಒಂದು ನ್ಯೂಟನ್ನಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ನಾಲ್ಕೂವರೆ ಭಾಗ. ಹಲಗೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಇದರ ಎರಡು ಪಟ್ಟು. ಒಂದು ಟನ್ ತೂಕದ ಭೂಸ್ಥಿರ ಉಪಗ್ರಹಕ್ಕೆ ಹತ್ತು ಚದರ ಮೀಟರಿನ ಸೌರಫಲಕ ಇದೆಯೆನ್ನಿ. ಅಲ್ಲಿ ಭೂಮಿಯ ಸೆಳೆತದ ಮುಂದೆ ಈ ಬಲ ಐವತ್ತು ಲಕ್ಷದಲ್ಲಿ ಒಂದು ಪಾಲು. ಬಿಟ್ಟುಬಿಡೋಣ ಎನಿಸುವುದು ಸಹಜ.

1982ರ ಏಪ್ರಿಲ್ 10ರಂದು ಅಮೆರಿಕದಿಂದ ಹಾರಿದ ಇನ್ಸಾಟ್-1ಎ ಉಪಗ್ರಹವನ್ನು ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ ನಡೆಸಬೇಕಿತ್ತು. ದೂರವಾಣಿ, ದೂರದರ್ಶನ, ಹವಾಮಾನ ಮೂರನ್ನೂ ಒಂದೇ ಉಪಗ್ರಹದ ಮೇಲೆ ಹೊರಿಸಿದ್ದರು. ಮೋಡಗಳ ಚಿತ್ರ ತೆಗೆಯುವ ಉಪಕರಣ ಬಹಳ ತಣ್ಣಗಿರಬೇಕು. ಅದನ್ನು ತಣಿಸುವ ಭಾಗ ಬರಿದಾದ ಆಕಾಶದತ್ತ ಮುಖ ಮಾಡಿರಬೇಕು, ಎದುರಿಗೆ ಬಿಸಿ ಫಲಕ ಇರಬಾರದು. ಆದ್ದರಿಂದ ಎರಡೂ ಕಡೆ ಇರಬೇಕಾದ ಸೌರಫಲಕವನ್ನು ದಕ್ಷಿಣದ ಕಡೆಗೆ ಮಾತ್ರ ಇಟ್ಟರು. ತಕ್ಕಡಿಯ ಒಂದೇ ತಟ್ಟೆಯಲ್ಲಿ ತೂಕ ಇಟ್ಟಂತಾಯಿತು. ಬಿಸಿಲು ಒಂದೇ ಪಕ್ಕವನ್ನು ದಬ್ಬಿದರೆ ಉಪಗ್ರಹ ತಿರುಗತೊಡಗುತ್ತದೆ. ಅದನ್ನು ಸರಿದೂಗಿಸಲು ಉತ್ತರದ ಕಡೆ ಒಂದು ಉದ್ದ ಕೋಲು, ಅದರ ತುದಿಗೆ ಬಿಸಿಲನ್ನು ಹಿಡಿಯುವ ಹಾಯಿ. ಕೆಲಸ ಇಷ್ಟೇ: ಆಚೆ ಬಿದ್ದಷ್ಟೇ ಬಿಸಿಲಿನ ಒತ್ತನ್ನು ಈಚೆಗೂ ತೆಗೆದುಕೊಳ್ಳುವುದು.

ಆ ಹಾಯಿ ಬಿಚ್ಚಿಕೊಳ್ಳಲಿಲ್ಲ.

ನಮ್ಮ ಉದಾಹರಣೆಯ ಫಲಕವನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಫಲಕ ಮಧ್ಯದಿಂದ ಐದು ಮೀಟರ್ ದೂರದಲ್ಲಿದ್ದರೆ, ತಡೆಯುವವರೇ ಇಲ್ಲದಿದ್ದರೆ, ಎರಡು ಮೀಟರ್ ಅಗಲ ಎತ್ತರದ ಒಂದು ಟನ್ ಪೆಟ್ಟಿಗೆ ಒಂದೇ ದಿನದ ಬಿಸಿಲಿಗೆ ನಾಲ್ಕು ನಿಮಿಷಕ್ಕೊಂದರಂತೆ ಗಿರಕಿ ಹೊಡೆಯುವಷ್ಟಾಗುತ್ತದೆ. ಐವತ್ತು ಲಕ್ಷದಲ್ಲಿ ಒಂದು ಎಂದು ಬಿಟ್ಟ ಬಲ ಇದು. ಭೂಮಿಯತ್ತ ಮುಖ ಇಟ್ಟುಕೊಳ್ಳಬೇಕಾದ ಉಪಗ್ರಹ ಹೀಗೆ ತಿರುಗಿದರೆ ದೂರವಾಣಿಯೂ ಇಲ್ಲ, ಮೋಡದ ಚಿತ್ರವೂ ಇಲ್ಲ. ತಡೆಯಬೇಕಾದರೆ ಸಣ್ಣ ರಾಕೆಟ್ಟುಗಳನ್ನು ಹೊತ್ತಿಸಬೇಕು, ಅದಕ್ಕೆ ಇಂಧನ ಬೇಕು. ಏಳು ವರ್ಷಕ್ಕೆಂದು ಕಳಿಸಿದ ಇನ್ಸಾಟ್-1ಎ 1982ರ ಸೆಪ್ಟೆಂಬರಿನಲ್ಲಿ ನಿಯಂತ್ರಣದ ಇಂಧನ ತೀರಿ ಕೈಬಿಟ್ಟುಹೋಯಿತು. ಅದಕ್ಕೆ ಬೇರೆ ತೊಂದರೆಗಳೂ ಇದ್ದವು, ಆಂಟೆನಾ ಕೂಡ ಒಮ್ಮೆಗೇ ಬಿಚ್ಚಿರಲಿಲ್ಲ. ಎಲ್ಲ ದೋಷವನ್ನೂ ಹಾಯಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಮುಂದಿನ ವರ್ಷ ಆಗಸ್ಟಿನಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಆ ಕೊರತೆ ತುಂಬಿತು. ನಮ್ಮೂರುಗಳ ಮನೆಗಳಲ್ಲಿ ಟಿವಿ ವಾರ್ತೆಯ ಜೊತೆ ಮೋಡದ ಚಿತ್ರ ಕಾಣತೊಡಗಿದ್ದು ಆ ಕಾಲದಲ್ಲೇ. 1992ರಲ್ಲಿ ನಮ್ಮವರೇ ಬೆಂಗಳೂರಿನಲ್ಲಿ ಕಟ್ಟಿದ ಇನ್ಸಾಟ್-2ಎ ಉಪಗ್ರಹಕ್ಕೂ ಅಂಥದೇ ಹಾಯಿ ಇತ್ತು. ಅಂದರೆ ಉಪಾಯ ಕೆಟ್ಟದ್ದಾಗಿರಲಿಲ್ಲ.

ಪ್ರೋಗ್ರಾಮು ಬರೆಯುವವರು ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನಿಮ್ಮ ಪ್ರೋಗ್ರಾಮಿನಲ್ಲಿ ಉಪಗ್ರಹ ಒಂದು ಚುಕ್ಕೆ. ಚುಕ್ಕೆಗೆ ಜಾಗ ಇದೆ, ವೇಗ ಇದೆ. ಉತ್ತರದ ಕಡೆ, ದಕ್ಷಿಣದ ಕಡೆ ಎಂಬುದಿಲ್ಲ. ಬಿಸಿಲಿನ ಒತ್ತನ್ನು ಒಂದು ಸಾಲಿನಲ್ಲಿ ಸೇರಿಸಬಹುದು, ಚುಕ್ಕೆ ತುಸು ಸರಿಯುತ್ತದೆ, ಎಲ್ಲವೂ ಸರಿಯಿದೆಯೆಂದು ಪರದೆ ತೋರಿಸುತ್ತದೆ. ಇನ್ಸಾಟ್-1ಎಗೆ ಆದದ್ದನ್ನು ಮಾತ್ರ ಆ ಪ್ರೋಗ್ರಾಮು ಎಂದಿಗೂ ತೋರಿಸಲಾರದು. ಅದಕ್ಕೆ ಹೊಸ ಸಾಲು ಸಾಲದು. ಉಪಗ್ರಹ ಯಾವ ಕಡೆ ಮುಖ ಮಾಡಿದೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬ ಹೊಸ ಅಂಕಣಗಳನ್ನೇ ತೆರೆಯಬೇಕು. ಜೊತೆಗೆ ಬೆಳಕಿನ ಬಲ ಇನ್ನೊಂದು ಪ್ರಶ್ನೆ ಕೇಳುತ್ತದೆ: ನಾನೀಗ ಭೂಮಿಯ ನೆರಳಿನಲ್ಲಿದ್ದೇನೆಯೇ? ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಆಸುಪಾಸಿನಲ್ಲಿ ಭೂಸ್ಥಿರ ಉಪಗ್ರಹ ದಿನಕ್ಕೊಮ್ಮೆ ನೆರಳಿಗೆ ಹೋಗುತ್ತದೆ, ಹೆಚ್ಚೆಂದರೆ ಎಪ್ಪತ್ತು ನಿಮಿಷ ಚಿಲ್ಲರೆ. ಆಗ ಆ ಬಲ ಸೊನ್ನೆ.

ಇಷ್ಟೆಲ್ಲ ಸೇರಿಸಿದ ಮೇಲೂ ಉಳಿಕೆ ಉಳಿದರೆ? ಹೊಸ ನಿಯಮವನ್ನೇ ಕಂಡುಹಿಡಿದೆವು ಎಂದು ಕುಣಿಯಬಹುದೇ? ಚರಿತ್ರೆಯಲ್ಲಿ ಎರಡೂ ಬಗೆಯ ಉತ್ತರ ಇವೆ. ಯುರೇನಸ್ ದಾರಿ ತಪ್ಪಿದಾಗ ಫ್ರಾನ್ಸಿನ ಲೆವೆರಿಯೆ ಕಾಣದ ಗ್ರಹವೊಂದನ್ನು ಲೆಕ್ಕಕ್ಕೆ ಸೇರಿಸಿದರು, 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧ ದಾರಿ ತಪ್ಪಿದಾಗ ಅವರೇ ಇನ್ನೊಂದು ಗ್ರಹವಿದೆ ಎಂದರು, ಅದು ಸಿಗಲೇ ಇಲ್ಲ. ಶತಮಾನಕ್ಕೆ 43 ಸೆಕೆಂಡಿನಷ್ಟು ಕೋನದ ಆ ಉಳಿಕೆಗೆ 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಬದಲಿಸಿ ಉತ್ತರ ಕೊಟ್ಟರು. ಒಂದೇ ಮನುಷ್ಯ, ಒಂದೇ ವಿಧಾನ, ಒಮ್ಮೆ ಸರಿ, ಒಮ್ಮೆ ತಪ್ಪು.

ನಮ್ಮ ಕಾಲದ್ದು ಪಯನೀಯರ್ ನೌಕೆಗಳ ಕತೆ. 1972 ಮತ್ತು 1973ರಲ್ಲಿ ಹೋದ ಪಯನೀಯರ್ 10 ಮತ್ತು 11 ಸೌರಮಂಡಲದ ಅಂಚಿನತ್ತ ಸಾಗುವಾಗ ಲೆಕ್ಕಕ್ಕಿಂತ ಅತಿ ಸ್ವಲ್ಪ ಹೆಚ್ಚು ನಿಧಾನವಾಗುತ್ತಿದ್ದವು. ಗುರುತ್ವದ ನಿಯಮವೇ ತಪ್ಪು ಎಂದು ಹಲವರು ಹೊಸ ಬಲಗಳನ್ನು ಮುಂದಿಟ್ಟರು. ಹಳೆಯ ಟೇಪುಗಳನ್ನು ಹುಡುಕಿ, ನೌಕೆಯ ಪ್ರತಿಯೊಂದು ಭಾಗ ಎಷ್ಟು ಬಿಸಿಯಾಗಿತ್ತು ಎಂದು ಲೆಕ್ಕ ಹಾಕಿದವರು 2012ರಲ್ಲಿ ಕಾರಣ ಹೇಳಿದರು. ನೌಕೆಯ ಒಳಗಿನ ಶಾಖವೇ ಒಂದು ಕಡೆಗೆ ತುಸು ಹೆಚ್ಚು ಹೊರಬಿದ್ದು ಅದನ್ನು ಹಿಂದಕ್ಕೆ ದಬ್ಬುತ್ತಿತ್ತು. ಮೊದಲೇ ಒಂದು ನಂಬರು ಕೂಡಿಸಿ ಹೊಂದಿಸಿ ಸುಮ್ಮನಾಗಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಆ ಉಳಿಕೆಗೆ ಬೇರೆ ಖಾತೆ ತೆರೆದು, ಕಾರಣ ಗೊತ್ತಿಲ್ಲ ಎಂದು ಬರೆದು, ವರ್ಷಾನುಗಟ್ಟಲೆ ಹಾಗೆಯೇ ಕಾದಿಟ್ಟರು.

ಆದ್ದರಿಂದ ಆ ವಿದ್ಯಾರ್ಥಿಗೆ ನಾನು ಹೇಳಿದ್ದು: ನಂಬರು ಕೂಡಿಸು, ಆದರೆ ಅದರ ಪಕ್ಕದಲ್ಲಿ ‘ಕಾರಣ ತಿಳಿದಿಲ್ಲ’ ಎಂದು ನಿನ್ನ ಅಕ್ಷರದಲ್ಲೇ ಬರೆ. ಪರೀಕ್ಷಕರು ಒಂದೆರಡು ಅಂಕ ಕಡಿಮೆ ಕೊಟ್ಟರೂ ಕೊಡಲಿ. ಸೂರ್ಯನನ್ನು ಸೇರಿಸಿದ ಮೇಲೆ ಅವನು ಆ ನಂಬರನ್ನು ತಾನೇ ಅಳಿಸಿದ.

ಕೊನೆಗೊಂದು ವಿಷಯ, ಯಾಕೆಂದರೆ ಇದನ್ನು ಪ್ರತಿ ವರ್ಷ ಕೇಳುತ್ತಾರೆ: ಈ ಪ್ರೋಗ್ರಾಮಿನಿಂದ ಈದಿನ ಚಂದ್ರ ಯಾವಾಗ ಕಾಣುತ್ತಾನೆಂದು ಹೇಳಬಹುದೇ? ಚಂದ್ರ ಎಲ್ಲಿರುತ್ತಾನೆ ಎಂಬುದನ್ನು ಹೇಳಬಹುದು. ಭೂಮಿ, ಸೂರ್ಯ ಎರಡೂ ಇದ್ದರೆ ಸಾಕಷ್ಟು ಚೆನ್ನಾಗಿಯೇ ಬರುತ್ತದೆ. ಕಾಣುತ್ತಾನೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಸಂಜೆಯ ಬೆಳಕು, ದಿಗಂತದ ಧೂಳು, ಮೋಡ, ನೋಡುವವನ ಕಣ್ಣು ಇವೆಲ್ಲ ಬೇಕು, ಅವು ಯಾವುವೂ ಬಲಗಳಲ್ಲ. ಯಾವುದನ್ನು ಒಪ್ಪಬೇಕು ಎಂಬುದನ್ನು ಉಲಮಾಗಳಿಗೆ ಬಿಡುತ್ತೇನೆ. ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಮೂರು ಕಾಯಗಳ ಪ್ರೋಗ್ರಾಮು ಬರೆದು ಇಪ್ಪತ್ತು ವರ್ಷ ಓಡಿಸಿ. ಚಂದ್ರನ ಕಕ್ಷೆಯ ಸಮತಲ ಒಂದು ಸುತ್ತು ತಿರುಗಲು ಎಷ್ಟು ವರ್ಷ ತೆಗೆದುಕೊಂಡಿತು ಎಂಬುದನ್ನು ಬರೆದು ತನ್ನಿ. 18.6ಕ್ಕೆ ಹತ್ತಿರ ಬಂದವರು ಮುಂದೆ ಗಾಳಿಯನ್ನೂ ಬೆಳಕನ್ನೂ ಸೇರಿಸಬಹುದು. ಬರದವರು ಹೆಜ್ಜೆಯನ್ನು ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ.